ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ, ಆದರೂ ಹವಳ ಯಾಕೆ ಬಿಳಿಚಿಕೊಳ್ಳುತ್ತಿದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಶಿವಮೊಗ್ಗದವಳು, ಈಗ ಡಲ್ಲಾಸ್‌ನಲ್ಲಿದ್ದೇನೆ. ಮನೆಯಲ್ಲಿ 75 ಗ್ಯಾಲನ್‌ನ ರೀಫ್ ಟ್ಯಾಂಕ್, ಅಂದ್ರೆ ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ ಇದೆ, 14 ತಿಂಗಳಾಯ್ತು. ಒಣ ಕಲ್ಲಿನಿಂದ ಶುರು ಮಾಡಿದ್ದು. ಮೊದಲು ನೈಟ್ರೇಟ್ 20, ಫಾಸ್ಫೇಟ್ 0.2 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಇತ್ತು, ಗಾಜಿನ ಮೇಲೆ ಪಾಚಿ ಬರ್ತಿತ್ತು. ಅದಕ್ಕೆ ಜಿಎಫ್‌ಓ, ಅಂದ್ರೆ ಫಾಸ್ಫೇಟ್ ಹೀರೋ ಕಬ್ಬಿಣದ ಆಕ್ಸೈಡ್ ಹರಳು ಹಾಕಿದೆ. ಒಂದೇ ವಾರದಲ್ಲಿ ಫಾಸ್ಫೇಟ್ ಸೊನ್ನೆಗೆ ಬಂತು. ಆಗಲೇ ಅಕ್ರೋಪೊರಾ ಹವಳ ಸ್ವಲ್ಪ ಬಣ್ಣ ಕಳೆದುಕೊಂಡ ಹಾಗಿತ್ತು. ಆಮೇಲೆ ನೈಟ್ರೇಟ್ ಇಳಿಸೋಕೆ ಅಂತ ನೀರಿಗೆ ದಿನಾ ವೋಡ್ಕಾ ಹಾಕೋಕೆ ಶುರು ಮಾಡಿದೆ, ಅದೂ ಸೊನ್ನೆ ಆಯ್ತು. ಈಗ ಮರಳಿನ ಮೇಲೆ, ಕಲ್ಲಿನ ಮೇಲೆ ಕಂದು ಲೋಳೆ. ಅದರಲ್ಲಿ ಗುಳ್ಳೆ. ಬೆಳಗ್ಗೆ ಕಡಿಮೆ, ಸಂಜೆ ಜಾಸ್ತಿ. ಬಸವನಹುಳುಗಳು ಒಂದೊಂದೇ ಸಾಯ್ತಿವೆ. ಅಕ್ರೋಪೊರಾ ತುದಿ ಸುಟ್ಟ ಹಾಗಿದೆ. ಆಲ್ಕಲಿನಿಟಿ (ಹವಳ ಎಲುಬು ಕಟ್ಟೋಕೆ ಬಳಸೋ ಕಾರ್ಬೋನೇಟ್‌ನ ಅಳತೆ) 11 ಡಿಕೆಎಚ್. ಮೀನು ಜಾಸ್ತಿ ಆಯ್ತೇನೋ ಅಂತ ಎರಡನ್ನು ಅಂಗಡಿಗೆ ವಾಪಸ್ ಕೊಟ್ಟೆ. ಉಳಿದಿರೋದು ಎರಡು ಕ್ಲೌನ್ ಮೀನು, ಒಂದು ಕೋಲೆ ಟ್ಯಾಂಗ್ (ಪಾಚಿ ಮೇಯೋ ಮೀನು). ಟ್ಯಾಂಗನ್ನೂ ಕೊಟ್ಟುಬಿಡಬೇಕಾ? ನೀರು ಇಷ್ಟು ಸ್ವಚ್ಛ ಇದ್ದೂ ಯಾಕೆ ಹೀಗೆ?

ಉತ್ತರ: ನಿಮ್ಮ ಟ್ಯಾಂಕ್ ಕೊಳೆಯಾಗಿಲ್ಲ. ಹಸಿದಿದೆ. ಇವತ್ತು ರಾತ್ರಿಯೇ ಜಿಎಫ್‌ಓ ತೆಗೆದುಬಿಡಿ. ವೋಡ್ಕಾವನ್ನು ದಿನಾ ಸ್ವಲ್ಪ ಸ್ವಲ್ಪ ಇಳಿಸಿ ಒಂದು ವಾರದಲ್ಲಿ ಪೂರ್ತಿ ನಿಲ್ಲಿಸಿ. ಟ್ಯಾಂಗನ್ನು ಯಾರಿಗೂ ಕೊಡಬೇಡಿ. ಯಾಕೆ ಅಂತ ಈಗ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಾವಧಾನವಾಗಿ ಓದಿ.

ಹವಳ ಪ್ರಾಣಿ ಅಂತ ನಿಮಗೆ ಗೊತ್ತು. ಅದರ ಜೀವಕೋಶಗಳ ಒಳಗೆ ಜೂಜಾಂಥೆಲ್ಲೆ ಅನ್ನೋ ಸಣ್ಣ ಪಾಚಿ ವಾಸ ಮಾಡುತ್ತದೆ, ಅದೂ ಗೊತ್ತಿರಬಹುದು. ಬೆಳಕು ಬಿದ್ದಾಗ ಈ ಪಾಚಿ ಸಕ್ಕರೆ ಮಾಡುತ್ತದೆ, ಬಹುಪಾಲು ಹವಳಕ್ಕೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇಕಡಾ 90ರವರೆಗೂ ಹೀಗೇ ಸಿಗಬಹುದು. ಇದನ್ನು ಕೇಳಿ ಸುಮಾರು ಜನ, ಹಾಗಾದ್ರೆ ಬೆಳಕಿದ್ದರೆ ಸಾಕಲ್ವಾ ಅಂದುಕೊಳ್ಳುತ್ತಾರೆ. ಸಾಕಾಗಲ್ಲ. ಸಕ್ಕರೆ ಅಂದರೆ ಬರೀ ಶಕ್ತಿ. ಮೂರು ಹೊತ್ತೂ ಬರೀ ಅನ್ನ ಉಂಡ ಹಾಗೆ, ಜೊತೆಗೆ ಬೇಳೆಯಿಲ್ಲ, ಸೊಪ್ಪಿಲ್ಲ. ಮೈ ಬೆಳೆಯೋಕೆ ಪ್ರೋಟೀನ್ ಬೇಕು, ಅದಕ್ಕೆ ಸಾರಜನಕ ಬೇಕು. ಜೀವಕೋಶದ ಪೊರೆಗೆ, ಡಿಎನ್‌ಎಗೆ ರಂಜಕ ಬೇಕು. ಇವೆರಡನ್ನೂ ಬೆಳಕು ಕೊಡಲ್ಲ. ನೈಟ್ರೇಟ್‌ನಲ್ಲಿರೋದು ಸಾರಜನಕ, ಫಾಸ್ಫೇಟ್‌ನಲ್ಲಿರೋದು ರಂಜಕ. ನೀವು ತೆಗೆದುಹಾಕಿದ್ದು ಸರಿಯಾಗಿ ಇವೆರಡನ್ನೇ.

ಇಲ್ಲಿ ನೀವು ಕೇಳಬಹುದು, ಸಮುದ್ರದ ಹವಳದ ದಿಬ್ಬದಲ್ಲಿ ನೈಟ್ರೇಟ್ ಒಂದು ಪಿಪಿಎಂಗಿಂತ ಎಷ್ಟೋ ಕಡಿಮೆ ಇರುತ್ತದೆ, ಫಾಸ್ಫೇಟ್ ಅಂತೂ ಹುಡುಕಿದರೂ ಸಿಗಲ್ಲ, ಅಲ್ಲಿ ಹವಳ ಹೇಗೆ ಬದುಕುತ್ತೆ ಅಂತ. ಒಳ್ಳೆ ಪ್ರಶ್ನೆ. ಡಾರ್ವಿನ್ 1842ರಲ್ಲೇ ಹವಳದ ದಿಬ್ಬಗಳ ಬಗ್ಗೆ ಪುಸ್ತಕ ಬರೆದರು. ಮರುಭೂಮಿಯಂಥ ಬರಡು ನೀರಿನಲ್ಲಿ ಇಷ್ಟೊಂದು ಜೀವ ಹೇಗೆ ಅನ್ನೋ ಒಗಟಿಗೆ ಇವತ್ತಿಗೂ ಅವರ ಹೆಸರೇ ಇದೆ. ನಮ್ಮ ಘಟ್ಟದ ಕಾಡನ್ನು ನೆನಪು ಮಾಡಿಕೊಂಡರೆ ಅರ್ಧ ಉತ್ತರ ಸಿಗುತ್ತದೆ. ಬಿದ್ದ ಎಲೆ ಕೊಳೆಯೋದೇ ತಡ, ಬೇರು ಬಂದು ಅದರ ಸಾರ ಹೀರಿಕೊಳ್ಳುತ್ತದೆ. ಸಾರ ಇರೋದು ಮಣ್ಣಿನಲ್ಲಲ್ಲ, ಮರದಲ್ಲಿ, ಹುಳದಲ್ಲಿ, ಅಣಬೆಯಲ್ಲಿ. ಹವಳದ ದಿಬ್ಬದಲ್ಲೂ ಅಷ್ಟೇ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತಕ್ಷಣ ಹಿಡಿಯುತ್ತಾರೆ, ನೀರಿನಲ್ಲಿ ನಿಲ್ಲೋಕೆ ಬಿಡಲ್ಲ.

ಅದರಲ್ಲಿ ಒಂದು ಕೊಂಡಿ ನನಗೆ ಬಹಳ ಇಷ್ಟ. ಹವಳ ಮತ್ತು ಪಾಚಿ ನೀರಿಗೆ ಬಿಡೋ ಲೋಳೆ, ಸಕ್ಕರೆ ಎಲ್ಲ ನೀರಲ್ಲಿ ಕರಗಿಹೋಗುತ್ತವಲ್ಲ, ಅದನ್ನು ಮೀನು ತಿನ್ನಕ್ಕಾಗಲ್ಲ. ಸ್ಪಂಜುಗಳು ತಿನ್ನುತ್ತವೆ. ತಿಂದು ತಮ್ಮ ಹಳೇ ಜೀವಕೋಶಗಳನ್ನು ಪುಡಿಪುಡಿಯಾಗಿ ಉದುರಿಸುತ್ತವೆ. ಆ ಪುಡಿಯನ್ನು ಹುಳುಗಳು, ಸಣ್ಣ ಸಿಗಡಿಯಂಥವು ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ. 2013ರಲ್ಲಿ ಯಾಸ್ಪರ್ ಡಿ ಖೂಯ್ ಮತ್ತವರ ಜೊತೆಗಾರರು ಇದನ್ನು 'ಸ್ಪಂಜಿನ ಚಕ್ರ' ಅಂತ ಕರೆದರು. ನಿಮ್ಮ ಸಂಪ್‌ನ (ಟ್ಯಾಂಕಿನ ಕೆಳಗಿರೋ ಫಿಲ್ಟರ್ ತೊಟ್ಟಿಯ) ಕತ್ತಲೆ ಮೂಲೆಯಲ್ಲಿ, ಪೈಪಿನ ಒಳಗೆ, ಬಿಳಿ ಬಿಳಿ ಗಂಟಿನ ಹಾಗೆ ಕೂತಿರುತ್ತಲ್ಲ, ಅದೂ ಸ್ಪಂಜೇ. ದಯವಿಟ್ಟು ಉಜ್ಜಿ ತೆಗೆಯಬೇಡಿ.

ಈಗ ನಿಮ್ಮ ಟೆಸ್ಟ್ ಕಿಟ್ ವಿಷಯ. ಅದು ಅಳೆಯೋದು ಏನನ್ನು? ಎಲ್ಲರೂ ಉಂಡ ಮೇಲೆ ಉಳಿದದ್ದನ್ನು. ಮದುವೆ ಮನೆಯಲ್ಲಿ ಪಾತ್ರೆಯ ತಳ ನೋಡಿ ಎಷ್ಟು ಪಂಕ್ತಿ ಊಟ ಆಯ್ತು ಅಂತ ಹೇಳಕ್ಕಾಗುತ್ತಾ? ಸಮುದ್ರದಲ್ಲಿ ಪಾತ್ರೆ ಖಾಲಿ ಕಂಡರೂ ಬಡಿಸೋದು ನಿಲ್ಲಲ್ಲ. ಪ್ರತಿ ಅಲೆಯೂ ಹೊಸ ನೀರು ತರುತ್ತದೆ, ಪ್ಲಾಂಕ್ಟನ್ ತರುತ್ತದೆ, ಮೇಲೆ ಸಾವಿರಾರು ಮೀನು ಹಿಕ್ಕೆ ಹಾಕುತ್ತಿರುತ್ತವೆ. ನಿಮ್ಮ ಟ್ಯಾಂಕಿನಲ್ಲಿ ಅಂಥ ಅಲೆ ಇಲ್ಲ, ಮೂರು ಮೀನಿವೆ. ಬಡಿಸೋದೂ ಕಡಿಮೆ, ಪಾತ್ರೆಯೂ ಖಾಲಿ. ಸಮುದ್ರದ ಸೊನ್ನೆಗೂ ನಿಮ್ಮ ಸೊನ್ನೆಗೂ ಇರೋ ವ್ಯತ್ಯಾಸ ಇದೇ. ಅದಕ್ಕೇ ಮನೆಯ ಟ್ಯಾಂಕಿನಲ್ಲಿ ನೀರಿನಲ್ಲಿ ಸ್ವಲ್ಪ ಉಳಿದಿರಲಿ ಅನ್ನೋದು. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1 ಇದ್ದರೆ ನನಗೆ ನೆಮ್ಮದಿ.

ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಜಿಎಫ್‌ಓ ಹಾಕಿ ಫಾಸ್ಫೇಟ್ ಸೊನ್ನೆ ಆದಾಗಲೇ ಅಕ್ರೋಪೊರಾ ಬಣ್ಣ ಬಿಡೋಕೆ ಶುರು ಮಾಡಿತು ಅಂದಿರಿ. ಆಗ ನೈಟ್ರೇಟ್ ಇನ್ನೂ 20 ಇತ್ತು. ಎಲ್ಲಕ್ಕಿಂತ ಕೆಟ್ಟ ಜೋಡಿ ಇದು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಯೋರ್ಗ್ ವೀಡನ್‌ಮನ್ ಅವರ ತಂಡ ಹವಳಗಳನ್ನು ಟ್ಯಾಂಕಿನಲ್ಲೇ ಸಾಕಿ ಇದನ್ನು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದೆ. ನೈಟ್ರೇಟ್ ಧಾರಾಳ ಇದ್ದು ಫಾಸ್ಫೇಟ್ ಇಲ್ಲದಿದ್ದರೆ, ಒಳಗಿನ ಪಾಚಿಗೆ ಬೆಳೆಯೋ ಉತ್ಸಾಹ ಇರುತ್ತದೆ, ಸಾಮಾನು ಇರಲ್ಲ. ಪೊರೆ ಕಟ್ಟೋಕೆ ರಂಜಕದ ಕೊಬ್ಬು ಸಿಗದೆ ಅದರ ಜಾಗದಲ್ಲಿ ಗಂಧಕದ ಕೊಬ್ಬು ತುಂಬುತ್ತದೆ. ಹಾಗೆ ಹೊಂದಿಸಿಕೊಂಡ ಪಾಚಿ ಬೆಳಕು, ಬಿಸಿ ಸ್ವಲ್ಪ ಜಾಸ್ತಿಯಾದರೂ ತಡೆಯಲ್ಲ. ಹವಳ ಬಿಳಿಚಿಕೊಳ್ಳುತ್ತದೆ. ಅಂದರೆ ನಿಮ್ಮ ಕಷ್ಟ ಶುರುವಾದದ್ದು ಆ ಒಂದು ವಾರದಲ್ಲಿ. ಫಾಸ್ಫೇಟ್ 0.2 ಇದ್ದದ್ದು ಅಷ್ಟೇನೂ ಅಪಾಯ ಆಗಿರಲಿಲ್ಲ. ಅದು ಧಡಕ್ಕನೆ ಬಿದ್ದದ್ದು ಅಪಾಯ ಆಯ್ತು.

ಇದೇ ಜಾಗದಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು, ಯಾಕಂದ್ರೆ ನಿಮಗೆ ಯಾರಾದರೂ '16:1 ಅನುಪಾತ ಇಟ್ಟುಕೊಳ್ಳಿ' ಅಂತ ಹೇಳಿಯೇ ಹೇಳುತ್ತಾರೆ. ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಸಮುದ್ರದ ಪ್ಲಾಂಕ್ಟನ್ ಬಗ್ಗೆ ಗಮನಿಸಿದ ವಿಷಯ ಇದರ ಮೂಲ. ಈಗ ಅದನ್ನು 106 ಇಂಗಾಲಕ್ಕೆ 16 ಸಾರಜನಕ, 1 ರಂಜಕ ಅಂತ ಹೇಳುತ್ತಾರೆ. ಅದು ಪರಮಾಣುಗಳ ಎಣಿಕೆ. ನಿಮ್ಮ ಕಿಟ್ ತೋರಿಸೋದು ತೂಕ. ತೂಕಕ್ಕೆ ತಿರುಗಿಸಿದರೆ ನೈಟ್ರೇಟ್ ಫಾಸ್ಫೇಟ್‌ನ ಸುಮಾರು ಹತ್ತು ಪಟ್ಟು ಅಷ್ಟೇ. ಅದಕ್ಕಿಂತ ಮುಖ್ಯ, ಅದು ಪ್ಲಾಂಕ್ಟನ್‌ನ ಮೈಯಲ್ಲಿ ಏನಿದೆ ಅನ್ನೋ ಲೆಕ್ಕ. ಟ್ಯಾಂಕಿನಲ್ಲಿ ಏನು ಉಳಿದಿರಬೇಕು ಅನ್ನೋದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಎರಡೂ ಸೊನ್ನೆ ಆಗದಿದ್ದರೆ ಸಾಕು, ಅನುಪಾತದ ಹಿಂದೆ ಓಡಬೇಡಿ.

ಆದರೆ ರೆಡ್‌ಫೀಲ್ಡ್ ಲೆಕ್ಕ ವೋಡ್ಕಾ ಅರ್ಥ ಮಾಡಿಕೊಳ್ಳೋಕೆ ಉಪಯೋಗ. ವೋಡ್ಕಾದಲ್ಲಿರೋದು ಇಂಗಾಲ. ಇಂಗಾಲ ಸಿಕ್ಕಿದ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಬೆಳೆಯುವಾಗ ನೀರಿನ ಸಾರಜನಕ, ರಂಜಕ ಎರಡನ್ನೂ ಎಳೆದುಕೊಳ್ಳುತ್ತವೆ, ಸ್ಕಿಮ್ಮರ್ ಅವನ್ನು ನೊರೆಯಲ್ಲಿ ಎತ್ತಿ ಹಾಕುತ್ತದೆ. ಒಳ್ಳೆ ಉಪಾಯವೇ. ನೈಟ್ರೇಟ್ 40, 50 ಇರೋ ಟ್ಯಾಂಕಿಗೆ ನಾನೂ ಹೇಳುತ್ತೇನೆ. ಎಳೆಯೋಕೆ ಏನೂ ಉಳಿದಿಲ್ಲದ ನೀರಿಗೆ ದಿನಾ ಇಂಗಾಲ ಹಾಕಿದರೆ ಮಾತ್ರ, ಹವಳದ ಬಾಯಿಗೆ ಹೋಗಬೇಕಾದ ಚೂರುಪಾರನ್ನೂ ಬ್ಯಾಕ್ಟೀರಿಯಾ ಕಿತ್ತುಕೊಳ್ಳುತ್ತವೆ.

ಇನ್ನು ಕಂದು ಲೋಳೆ. ಗುಳ್ಳೆ ಇದೆ, ಬೆಳಗ್ಗೆ ಕಡಿಮೆ, ಸಂಜೆ ಜಾಸ್ತಿ, ಹುಳುಗಳು ಸಾಯುತ್ತಿವೆ. ಬಹುತೇಕ ಇದು ಡೈನೋಫ್ಲಾಜೆಲೇಟ್, ಚಿಕ್ಕದಾಗಿ ಡೈನೋ, ಒಂದೇ ಜೀವಕೋಶದ ಸೂಕ್ಷ್ಮಜೀವಿ. ಗಟ್ಟಿ ಮಾಡಿಕೊಳ್ಳೋಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೈಗೆ ಗ್ಲೌಸ್ ಹಾಕಿಕೊಂಡು ಒಂದು ಪಿಪೆಟ್‌ನಲ್ಲಿ ಲೋಳೆ ಎಳೆದುಕೊಳ್ಳಿ. ಟ್ಯಾಂಕಿನ ನೀರಿರೋ ಸಣ್ಣ ಗಾಜಿನ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ. ಟಿಶ್ಯೂ ಪೇಪರಿನಲ್ಲಿ ಸೋಸಿ, ಸೋಸಿದ ನೀರನ್ನು ದೀಪದ ಕೆಳಗೆ ಒಂದು ಗಂಟೆ ಇಡಿ. ಮೊದಲು ತಿಳಿ ಇದ್ದ ನೀರಿನಲ್ಲಿ ಮತ್ತೆ ಎಳೆ ಎಳೆಯಾಗಿ ಕಂದು ದಾರ ಕೂಡಿಕೊಂಡರೆ ಅದು ಡೈನೋ. ಚಿಕ್ಕಮಕ್ಕಳ ಮೈಕ್ರೋಸ್ಕೋಪ್ ಇದ್ದರೆ ಇನ್ನೂ ಒಳ್ಳೇದು, 400 ಪಟ್ಟು ದೊಡ್ಡದು ಮಾಡಿದರೆ ಸಾಕು. ಕಣ್ಣೀರ ಹನಿಯ ಆಕಾರ, ಒಂದು ತುದಿ ಚೂಪು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಒಂದೇ ಜಾಗದಲ್ಲಿ ಸುತ್ತುತ್ತಿದ್ದರೆ ಆಸ್ಟ್ರಿಯಾಪ್ಸಿಸ್. ಮೊಟ್ಟೆಯಾಕಾರ, ಮೆಲ್ಲಗೆ ಜಾರಿಕೊಂಡು ಹೋಗುತ್ತಿದ್ದರೆ ಆಂಫಿಡಿನಿಯಂ.

ಯಾವುದು ಅನ್ನೋದು ಮುಖ್ಯ. ಆಸ್ಟ್ರಿಯಾಪ್ಸಿಸ್ ರಾತ್ರಿ ಕಲ್ಲು ಬಿಟ್ಟು ನೀರಿಗೆ ಏಳುತ್ತದೆ, ಆದ್ದರಿಂದ ಹಾದುಹೋಗೋ ನೀರಿನಲ್ಲಿರೋ ಸೂಕ್ಷ್ಮಜೀವಿಗಳನ್ನು ಕೊಲ್ಲೋ ಯುವಿ ದೀಪ ಕೆಲಸ ಮಾಡುತ್ತದೆ. ನೀರನ್ನು ಸಂಪ್‌ನಿಂದಲ್ಲ, ನೇರವಾಗಿ ಟ್ಯಾಂಕಿನಿಂದಲೇ ಯುವಿಗೆ ಎಳೆದು ವಾಪಸ್ ಅಲ್ಲಿಗೇ ಬಿಡಿ. ಮೂರು ದಿನ ಟ್ಯಾಂಕಿನ ಮೇಲಿನ ದೀಪ ಆರಿಸಿದರೆ ಇನ್ನೂ ಬೇಗ. ಆಂಫಿಡಿನಿಯಂ ಮರಳು ಬಿಟ್ಟು ಏಳಲ್ಲ, ಅದಕ್ಕೆ ಯುವಿ ಹಾಕೋದು ದಂಡ. ಅಲ್ಲಿ ಸಿಲಿಕೇಟ್ ಹಾಕಿ ಡಯಾಟಂ ಅನ್ನೋ ಸಣ್ಣ ಪಾಚಿ ಬೆಳೆಸಿ, ಡೈನೋದ ಜಾಗವನ್ನು ಅವು ಹಿಡಿಯೋ ಹಾಗೆ ಮಾಡುತ್ತಾರೆ. ಆಸ್ಟ್ರಿಯಾಪ್ಸಿಸ್‌ನಲ್ಲಿ ಪಾಲಿಟಾಕ್ಸಿನ್ ಜಾತಿಯ ವಿಷ ಇರುತ್ತದೆ, ನಿಮ್ಮ ಬಸವನಹುಳುಗಳು ಸತ್ತದ್ದು ಅದನ್ನು ಮೇಯ್ದೇ ಇರಬೇಕು. ಆದ್ದರಿಂದ ಸದ್ಯಕ್ಕೆ ಹೊಸ ಹುಳು ತರಬೇಡಿ. ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ: ಲೋಳೆ ಹೋಗಲಿ ಅಂತ ಕಲ್ಲನ್ನು ಬಿಸಿನೀರಿನಲ್ಲಿ ಅದ್ದೋದು, ಕುದಿಸೋದು ಮಾಡಬಾರದು. ಕಲ್ಲಿನ ಮೇಲೆ ಅದೇ ವಿಷ ಇರಬಹುದಾದ ಜೊವಾಂತಿಡ್ (ಹವಳದ ಬಳಗದ ಮೆತ್ತನೆ ಜೀವಿ) ಇದ್ದರೆ ಅಂತೂ ಇನ್ನೂ ಅಪಾಯ. ಅದರ ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಇದು ಯಾಕೆ ಈಗಲೇ ಬಂತು? ಡೈನೋ ಎಲ್ಲ ಟ್ಯಾಂಕಿನಲ್ಲೂ ನಾಲ್ಕಾರು ಇದ್ದೇ ಇರುತ್ತವೆ. ಪಾಚಿ, ಡಯಾಟಂ, ಬ್ಯಾಕ್ಟೀರಿಯಾ ಇವೆಲ್ಲ ಜಾಗ ಹಿಡಿದಿರೋವರೆಗೂ ಅವಕ್ಕೆ ತಲೆ ಎತ್ತೋಕಾಗಲ್ಲ. ನೀವು ನೈಟ್ರೇಟ್, ಫಾಸ್ಫೇಟ್ ತೆಗೆದಾಗ ಮೊದಲು ಸೋತದ್ದು ಆ ಒಳ್ಳೆ ಪಾಚಿಗಳು. ಡೈನೋ ಹಾಗಲ್ಲ, ಅದರಲ್ಲಿ ಸುಮಾರು ಜಾತಿಗಳು ಬೆಳಕನ್ನೂ ತಿನ್ನುತ್ತವೆ, ಬ್ಯಾಕ್ಟೀರಿಯಾವನ್ನೂ ಹಿಡಿದು ತಿನ್ನುತ್ತವೆ. ಖಾಲಿ ಗದ್ದೆಯಲ್ಲಿ ಕಳೆ ಎದ್ದ ಹಾಗೆ ಎದ್ದವು. ಒಣ ಕಲ್ಲಿನಿಂದ ಶುರು ಮಾಡಿದ ಟ್ಯಾಂಕಿನಲ್ಲಿ ಮೊದಲೇ ಜೀವಿಗಳ ವೈವಿಧ್ಯ ಕಡಿಮೆ, ಅದಕ್ಕೇ ಇಂಥ ಟ್ಯಾಂಕುಗಳಲ್ಲಿ ಇದನ್ನು ಜಾಸ್ತಿ ನೋಡುತ್ತೇವೆ. ಡಲ್ಲಾಸ್‌ನಲ್ಲಿ ನಿಮಗೆ ಗೊತ್ತಿರೋರ ಹತ್ತಿರ ನಾಲ್ಕೈದು ವರ್ಷದ, ಕಾಯಿಲೆ ಇಲ್ಲದ ಟ್ಯಾಂಕ್ ಇದ್ದರೆ ಅವರಿಂದ ಎರಡು ಹಿಡಿ ಮರಳು, ಒಂದು ಕಲ್ಲಿನ ಚೂರು ಕೇಳಿ ತನ್ನಿ. ಯಾವ ಬಾಟಲಿ ಬ್ಯಾಕ್ಟೀರಿಯಾಕ್ಕಿಂತಲೂ ನನಗೆ ಇದರ ಮೇಲೆ ನಂಬಿಕೆ.

ತಿಂಡಿಯ ಲೆಕ್ಕಕ್ಕೆ ಬರೋಣ. ಕಲ್ಲು, ಮರಳು ಕಳೆದು ಸಂಪ್ ಸೇರಿಸಿದರೆ ನಿಮ್ಮ ಹತ್ತಿರ ಸುಮಾರು 250 ಲೀಟರ್ ನೀರಿದೆ ಅಂತ ಇಟ್ಟುಕೊಳ್ಳಿ. ಶುದ್ಧ ಸೋಡಿಯಂ ನೈಟ್ರೇಟ್ 34 ಗ್ರಾಂ ತೂಗಿ ಒಂದು ಲೀಟರ್ ಆರ್‌ಓ ನೀರಿನಲ್ಲಿ ಕರಗಿಸಿ. ಇದರ 10 ಎಂಎಲ್ ಹಾಕಿದರೆ ನಿಮ್ಮ ಟ್ಯಾಂಕಿನಲ್ಲಿ ನೈಟ್ರೇಟ್ 1 ಪಿಪಿಎಂ ಏರುತ್ತದೆ. ಇನ್ನೊಂದು ಬಾಟಲಿಯಲ್ಲಿ ಟ್ರೈಸೋಡಿಯಂ ಫಾಸ್ಫೇಟ್, ಹನ್ನೆರಡು ನೀರಿನ ಅಣು ಇರೋ ಹರಳಿನದು, 1 ಗ್ರಾಂ ಒಂದು ಲೀಟರ್‌ಗೆ. ಇದರ 10 ಎಂಎಲ್‌ಗೆ ಫಾಸ್ಫೇಟ್ 0.01 ಏರುತ್ತದೆ. ದಿನಕ್ಕೆ ನೈಟ್ರೇಟ್ 1, ಫಾಸ್ಫೇಟ್ 0.02, ಇದಕ್ಕಿಂತ ಜಾಸ್ತಿ ಬೇಡ. ಎರಡೂ ಬಾಟಲಿಗೆ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಹಾಕಿದ ಫಾಸ್ಫೇಟ್ ಮರುದಿನ ಮಾಯ ಆಗಿರುತ್ತದೆ. ಗಾಬರಿ ಬೇಡ. ನಿಮ್ಮ ಕಲ್ಲು, ಮರಳು ಎಲ್ಲ ಸುಣ್ಣ ಅಲ್ವಾ, ಸುಣ್ಣಕ್ಕೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಜಿಎಫ್‌ಓ ಇದ್ದಾಗ ಕಲ್ಲು ತಾನು ಹಿಡಿದಿಟ್ಟದ್ದನ್ನೂ ಬಿಟ್ಟುಕೊಟ್ಟಿದೆ, ಈಗ ಅದು ಮೊದಲು ತನ್ನ ಜೇಬು ತುಂಬಿಕೊಳ್ಳುತ್ತದೆ. ಒಂದು ವಾರವೋ ಮೂರು ವಾರವೋ ಆಗಬಹುದು. ಆಮೇಲೆ ಒಂದು ದಿನ ಅಂಕಿ ನಿಲ್ಲುತ್ತದೆ, ಆಗ ಪ್ರಮಾಣ ಕಡಿಮೆ ಮಾಡಿ. ಅಳೆಯೋಕೆ ಬಣ್ಣ ನೋಡೋ ಕಿಟ್ ಸಾಲಲ್ಲ, ಸೊನ್ನೆಯೂ 0.03ಯೂ ಕಣ್ಣಿಗೆ ಒಂದೇ ತರ ಕಾಣುತ್ತವೆ. ರಂಜಕವನ್ನು ಪಿಪಿಬಿಯಲ್ಲಿ (ನೂರು ಕೋಟಿಯಲ್ಲಿ ಇಷ್ಟು ಪಾಲು ಅಂತ) ತೋರಿಸೋ ಚೆಕರ್ ಅನ್ನೋ ಸಣ್ಣ ಡಿಜಿಟಲ್ ಯಂತ್ರ ತೊಗೊಳ್ಳಿ. ಅದರ ಅಂಕಿಯನ್ನು 3.07ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ. ಅದು 16 ತೋರಿಸಿದರೆ ನಿಮ್ಮ ಫಾಸ್ಫೇಟ್ ಸುಮಾರು 0.05, ಅಲ್ಲಿಗೆ ನಾವು ತಲುಪಬೇಕು.

ತುದಿ ಸುಟ್ಟದ್ದಕ್ಕೆ ಕಾರಣ ಆಲ್ಕಲಿನಿಟಿ. ಸಮುದ್ರದಲ್ಲಿ ಅದು 7ರ ಆಸುಪಾಸು. 11 ಅಂದರೆ ಹವಳಕ್ಕೆ ಎಲುಬು ಕಟ್ಟು ಕಟ್ಟು ಅಂತ ಒತ್ತಾಯ ಮಾಡಿದ ಹಾಗೆ, ಮೈ ಬೆಳೆಯೋಕೆ ಮಾತ್ರ ಊಟ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಸ್ಥಿತಿ. ಎಲುಬು ಮುಂದೆ ಹೋಗಿ ತೊಗಲು ಹಿಂದೆ ಉಳಿಯುತ್ತದೆ, ತುದಿ ಬಿಳಿ ಕಾಣುತ್ತದೆ. ಆಲ್ಕಲಿನಿಟಿ ಏರಿಸೋಕೆ ಹಾಕೋ ಡೋಸಿಂಗ್ ಕಡಿಮೆ ಮಾಡಿ, ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಜಾಸ್ತಿ ಇಳಿಯದ ಹಾಗೆ ನೋಡಿಕೊಂಡು 8ಕ್ಕೆ ತನ್ನಿ. ಕ್ಯಾಲ್ಸಿಯಂ 420, ಮೆಗ್ನೀಷಿಯಂ 1300 ಹತ್ತಿರ ಇದ್ದರೆ ಅದನ್ನು ಮುಟ್ಟಬೇಡಿ.

ಗಾಜಿನ ಮೇಲೆ ಮತ್ತೆ ಹಸಿರು ಬರುತ್ತದೆ. ಬರಲಿ. ನಾನು ಸಿಂಗಾಪುರದಲ್ಲಿದ್ದಾಗ ಒಂದು ಸಲ ಮೂರು ವಾರ ಮಂಗಳೂರಿಗೆ ಬಂದಿದ್ದೆ, ಟ್ಯಾಂಕನ್ನು ಸ್ನೇಹಿತರೊಬ್ಬರ ಕೈಗೆ ಒಪ್ಪಿಸಿ. ದಿನಕ್ಕೆ ಅರ್ಧ ಕ್ಯೂಬ್ ಮೈಸಿಸ್ (ಹೆಪ್ಪುಗಟ್ಟಿಸಿದ ಸಣ್ಣ ಸಿಗಡಿಯಂಥ ಮೀನಿನ ತಿಂಡಿ) ಹಾಕಿ ಅಂದಿದ್ದೆ. ಅವರು ಪಾಪ, ಮೀನು ಹಸಿದ ಹಾಗೆ ಕಾಣುತ್ತೆ ಅಂತ ದಿನಕ್ಕೆ ಎರಡು ಕ್ಯೂಬ್ ಹಾಕಿದ್ದರು. ವಾಪಸ್ ಹೋಗಿ ನೋಡಿದರೆ ಗಾಜು ಪೂರ್ತಿ ಹಸಿರು, ಒಳಗೆ ಏನೂ ಕಾಣಲ್ಲ. ಬ್ಲೇಡ್ ಹಿಡಿದು ಒಂದು ಪಟ್ಟಿ ಕೆರೆದೆ. ಆ ಪಟ್ಟಿಯಲ್ಲಿ ನನ್ನ ಅಕ್ರೋಪೊರಾ ಕಂಡಿತು. ವರ್ಷದಿಂದ ಮಾಸಲು ಹಸಿರಾಗಿ ಕೂತಿದ್ದು ಗಾಢ ಬಣ್ಣಕ್ಕೆ ತಿರುಗಿತ್ತು, ಪ್ರತಿ ಪಾಲಿಪ್ಪೂ ಕೂದಲು ಬಂದ ಹಾಗೆ ಹೊರಗೆ ಚಾಚಿಕೊಂಡಿತ್ತು. ಅಲ್ಲಿಯವರೆಗೆ ನಾನೂ ಸೊನ್ನೆಯ ಹಿಂದೆಯೇ ಇದ್ದೆ. ಆ ದಿನದಿಂದ ಬಿಟ್ಟೆ.

ಊರಿನಿಂದ ಓದುತ್ತಿರುವವರಿಗೆ ಮಧ್ಯೆ ಒಂದು ಮಾತು. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲೂ ಹವಳ ಇದೆ. ಮಳೆಗಾಲದಲ್ಲಿ ಅಲ್ಲಿಯ ನೀರು ಲಕ್ಷದ್ವೀಪದ ಹಾಗೆ ತಿಳಿಯಾಗಿರಲ್ಲ, ಆಳದಿಂದ ತಣ್ಣನೆ, ಸಾರ ತುಂಬಿದ ನೀರು ಮೇಲೆ ಏಳುತ್ತದೆ, ಕಲಕುತ್ತದೆ. ಆದರೂ ಹವಳ ಬದುಕಿದೆ. ನೋಡಿ ಬನ್ನಿ, ಮುಟ್ಟಬೇಡಿ. ಕಲ್ಲಿನ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ, ಹುಲಿ ಇರೋ ಪಟ್ಟಿಯದು. ಒಂದು ಚೂರು ಮುರಿದು ತಂದರೂ ಅಪರಾಧ.

ಕೊನೆಗೆ ನಿಮ್ಮ ಟ್ಯಾಂಗ್. 1983ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು, ಕೆರಿಬಿಯನ್‌ನ ವರ್ಜಿನ್ ದ್ವೀಪಗಳಲ್ಲಿ ಮಾಡಿದ ಕೆಲಸ. ಅಲ್ಲಿ ಗ್ರಂಟ್ ಅನ್ನೋ ಮೀನಿನ ಮರಿಗಳು ರಾತ್ರಿ ಸಮುದ್ರದ ಹುಲ್ಲಿನಲ್ಲಿ ಮೇಯ್ದು ಬಂದು, ಹಗಲೆಲ್ಲ ಹವಳದ ಮೇಲೆ ಗುಂಪಾಗಿ ನಿಂತಿರುತ್ತವೆ. ನಿಂತಲ್ಲೇ ಅಮೋನಿಯಾ ಬಿಡುತ್ತವೆ, ಹಿಕ್ಕೆ ಹಾಕುತ್ತವೆ. ಮೀನು ನಿಂತ ಹವಳ, ಮೀನಿಲ್ಲದ ಹವಳಕ್ಕಿಂತ ಜೋರಾಗಿ ಬೆಳೆದಿತ್ತು. ಹವಳದ ಒಳಗಿನ ಪಾಚಿಗೆ ನೈಟ್ರೇಟ್‌ಗಿಂತ ಅಮೋನಿಯಾ ಇಷ್ಟ, ಯಾಕಂದ್ರೆ ನೈಟ್ರೇಟನ್ನು ಒಡೆದು ಉಪಯೋಗಿಸೋಕೆ ಶಕ್ತಿ ಖರ್ಚಾಗುತ್ತದೆ, ಅಮೋನಿಯಾ ನೇರ ಒಳಗೆ ಹೋಗುತ್ತದೆ. ನಾನು ಮೇಲೆ ಹೇಳಿದ ಬಾಟಲಿಗಳು ಸದ್ಯದ ಊರುಗೋಲು ಅಷ್ಟೇ. ನಿಜವಾದ ಬಡಿಸೋ ಕೈ ಮೀನಿನದು. ಕೋಲೆ ಟ್ಯಾಂಗ್ ದಿನವಿಡೀ ಕಲ್ಲು ಕೆರೆದು ತಿಂದು, ದಿನವಿಡೀ ಹವಳದ ಮೇಲೆ ಉದುರಿಸುತ್ತಾ ಓಡಾಡುತ್ತದೆ. ಅದಕ್ಕೆ ದಿನಾ ನೋರಿ (ಒಣಗಿಸಿದ ಕಡಲಪಾಚಿ) ಹಾಳೆ ಕಟ್ಟಿ, ಡೈನೋ ಹೋಗೋವರೆಗೆ ಅದರ ಹೊಟ್ಟೆ ತುಂಬಿರಲಿ, ಲೋಳೆ ಮೇಯೋ ಹಾಗೆ ಆಗದಿರಲಿ. ಕ್ಲೌನ್‌ಗಳಿಗೆ ದಿನಕ್ಕೆ ಎರಡು ಸಲ ಮೈಸಿಸ್ ಹಾಕಿ. ಡೈನೋ ಪೂರ್ತಿ ಹೋಗಿ ಎರಡು ತಿಂಗಳಾದ ಮೇಲೆ, ವಾಪಸ್ ಕೊಟ್ಟ ಆ ಎರಡು ಮೀನು ಅಂಗಡಿಯಲ್ಲಿ ಇನ್ನೂ ಇದ್ದರೆ, ಹೋಗಿ ಕರಕೊಂಡು ಬನ್ನಿ.